ಚಿಲ್ಲರೆ ಮೀಮಾಂಸೆ

ಮನುಷ್ಯ ಮನುಷ್ಯನನ್ನು ಅಳೆಯುವ ವಿದ್ಯೆಯ ಬಗ್ಗೆ ಬಂದ ಗ್ರಂಥಗಳೆಲ್ಲ ಕೂತು ಬರೆದವು. ಈ ಪ್ರಬಂಧ ಮಾತ್ರ ನಿಂತು ರಚಿತವಾದದ್ದು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ.

ಕಂಡಕ್ಟರು, ಪ್ರಯಾಣಿಕ ಒಬ್ಬರನ್ನೊಬ್ಬರು ತೂಗಿ ನೋಡಲು ಇರುವ ಕಾಲ ಒಂದು ಟಿಕೆಟ್ ಹರಿಯುವಷ್ಟು. ಇಷ್ಟು ಸಾಕೇ ಎಂಬುದು ಪೂರ್ವಪಕ್ಷ. ಧಾರಾಳ ಸಾಕು ಎಂಬುದು ಸಿದ್ಧಾಂತ. ಪ್ರಿನ್ಸ್‌ಟನ್ನಿನ ವಿಲ್ಲಿಸ್ ಮತ್ತು ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತರ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಪಾಲು ತೋರಿಸಿ, ‘ಇವರನ್ನು ನಂಬಬಹುದೆ?’ ಎಂದು ಕೇಳಿದ್ದರು. ಜನ ತಡವರಿಸದೆ ಹೇಳಿದರು. ಇನ್ನಷ್ಟು ಹೊತ್ತು ತೋರಿಸಿದರೂ ತೀರ್ಪು ಹೆಚ್ಚೇನೂ ಬದಲಾಗಲಿಲ್ಲ, ತೀರ್ಪು ಕೊಟ್ಟವರ ಧೈರ್ಯ ಮಾತ್ರ ಬೆಳೆಯಿತು. ನಮ್ಮ ಕಂಡಕ್ಟರಿಗೆ ಮುಖವೂ ಬೇಡ. ಜೇಬಿಗೆ ಹೋಗುವ ಕೈಯ ನಿಧಾನ ನೋಡಿಯೇ ‘ಚಿಲ್ಲರೆ ಕೊಡಿ ಸಾರ್’ ಎಂದು ಮೊದಲೇ ಬೇಲಿ ಹಾಕುತ್ತಾನೆ.

ಇನ್ನು ಪ್ರಮಾಣಗಳ ವಿಚಾರ. ಮೀಮಾಂಸಕರು ಅರ್ಥಾಪತ್ತಿ ಎಂಬ ಪ್ರಮಾಣಕ್ಕೆ ಕೊಡುವ ಉದಾಹರಣೆ ಪ್ರಸಿದ್ಧ: ದೇವದತ್ತ ದಪ್ಪಗಿದ್ದಾನೆ, ಹಗಲು ಊಟ ಮಾಡುವುದಿಲ್ಲ, ಆದ್ದರಿಂದ ರಾತ್ರಿ ತಿನ್ನುತ್ತಾನೆ. ಇದನ್ನು ತರ್ಕ ಅನ್ನುತ್ತಾರೆ. ನನ್ನ ಕಿವಿಗೆ ಇದು ಎದುರುಮನೆ ಜಗಲಿಯ ಮಾತಿನಂತೆಯೇ ಕೇಳುತ್ತದೆ. ಇಷ್ಟು ಶತಮಾನಗಳಲ್ಲಿ ಒಬ್ಬ ಪಂಡಿತನೂ ದೇವದತ್ತನ ಮನೆಗೆ ಹೋಗಿ, ‘ಏನಪ್ಪಾ, ಥೈರಾಯ್ಡ್ ಏನಾದರೂ ತೋರಿಸಿಕೊಂಡೆಯಾ?’ ಎಂದು ಕೇಳಿದ ದಾಖಲೆಯಿಲ್ಲ. ಕೇಳಿಬಿಟ್ಟರೆ ಪ್ರಮಾಣವೇ ಬಿದ್ದುಹೋಗುತ್ತದಲ್ಲ.

ಭಾಟ್ಟ ಮೀಮಾಂಸಕರದು ಇನ್ನೊಂದಿದೆ, ಅನುಪಲಬ್ಧಿ. ನೆಲದ ಮೇಲೆ ಮಡಕೆ ಕಾಣದಿದ್ದರೆ, ಕಾಣದಿರುವುದರಿಂದಲೇ ಮಡಕೆಯಿಲ್ಲವೆಂಬ ಜ್ಞಾನ. ಕಂಡಕ್ಟರು ಚರ್ಮದ ಚೀಲದೊಳಗೆ ಮೊಣಕೈವರೆಗೆ ಕೈಬಿಟ್ಟು, ಮೇಲೆ ನೋಡುತ್ತಾ, ‘ಇಲ್ಲ ಸಾರ್, ಇಳಿಯೋವಾಗ ತಗೊಳ್ಳಿ’ ಅನ್ನುವುದು ಈ ಪ್ರಮಾಣದ ಶುದ್ಧ ಪ್ರಯೋಗ. ತೊಡಕೇನೆಂದರೆ ಚೀಲ ಅದೇ ಹೊತ್ತಿಗೆ ಝಣಝಣ ಅನ್ನುತ್ತಿರುತ್ತದೆ. ಕಣ್ಣಿಗಿಲ್ಲದ್ದು ಕಿವಿಗಿದ್ದರೆ ಯಾವುದನ್ನು ನಂಬಬೇಕೆಂದು ಯಾವ ಭಾಷ್ಯಕಾರನೂ ಬಿಡಿಸಿ ಹೇಳಿಲ್ಲ.

(ಪ್ರಾಸಂಗಿಕವಾಗಿ: 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ನಮ್ಮ ರಾಜ್ಯದ ಹೆಂಗಸರು ಸಾಮಾನ್ಯ ಬಸ್ಸುಗಳ ಮಟ್ಟಿಗೆ ಈ ಶಾಸ್ತ್ರದಿಂದ ಮುಕ್ತರಾದರು. ಅವರ ಪಾಲಿಗೆ ಉಳಿದದ್ದು ಆಧಾರ್ ಕಾರ್ಡಿನ ಫೋಟೋ. ಅದು ಅವರನ್ನೂ ಹೋಲುವುದಿಲ್ಲ, ಅವರ ಕುಲದ ಯಾರನ್ನೂ ಹೋಲುವುದಿಲ್ಲ. ಕಂಡಕ್ಟರು ಫೋಟೋ ನೋಡುತ್ತಾನೆ, ಮುಖ ನೋಡುತ್ತಾನೆ, ಪ್ರತ್ಯಕ್ಷವನ್ನು ಬದಿಗಿಟ್ಟು ಶಬ್ದಪ್ರಮಾಣವನ್ನು ನಂಬಿ ಶೂನ್ಯ ಟಿಕೆಟ್ ಕೊಡುತ್ತಾನೆ.)

ಪಾಶ್ಚಾತ್ಯರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಸ್‌ರಾಯ್, ಚಾರ್ಲ್ಸ್ ಡಾರ್ವಿನ್ನನ ಮೂಗು ನೋಡಿ ಇಂಥ ಮೂಗಿನವನಿಗೆ ದೂರಯಾನ ಮಾಡುವ ಛಲ ಇರಲಾರದು ಎಂದು ಅನುಮಾನಿಸಿದ್ದ. ಮುಖಲಕ್ಷಣ ಓದುವ ಪುಸ್ತಕ ಬರೆದ ಲಾವಾಟರ್ ಎಂಬ ಪಾದ್ರಿಯ ಭಕ್ತ ಆತ. ಒಂದು ಮೂಗಿನ ದೆಸೆಯಿಂದ ಜೀವವಿಕಾಸವೇ ಬಂದರಿನಲ್ಲಿ ಉಳಿಯುವುದರಲ್ಲಿತ್ತು. ಮುಂದೆ 1920ರಲ್ಲಿ ಥಾರ್ನ್‌ಡೈಕ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ, ಸೈನ್ಯದ ಅಧಿಕಾರಿಗಳು ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ತೆರೆದು ನೋಡಿದ. ಮೈಕಟ್ಟಿಗೆ ಒಳ್ಳೇ ಅಂಕ ಸಿಕ್ಕವನಿಗೆ ಬುದ್ಧಿಗೂ ಶೀಲಕ್ಕೂ ಒಳ್ಳೇ ಅಂಕವೇ ಬಿದ್ದಿರುತ್ತಿತ್ತು. ಇದಕ್ಕೆ ಪ್ರಭಾವಳಿ ಪರಿಣಾಮ ಎಂದು ಹೆಸರು. ನಮ್ಮಲ್ಲಿ ಪ್ರಭಾವಳಿ ಇರುವುದು ದೇವರ ಹಿಂದೆ. ಅವರಲ್ಲಿ ಹುರಿಗಟ್ಟಿದ ತೋಳಿನ ಹಿಂದೆ.

ಈಗ ಮುಖ್ಯ ಪ್ರಯೋಗ. 38 ರೂಪಾಯಿ ಟಿಕೆಟ್ಟಿಗೆ ನಾನು ಇನ್ನೂರರ ನೋಟು ಕೊಟ್ಟೆ. ಕಂಡಕ್ಟರು ಕಿವಿ ಮೇಲಿನ ಪೆನ್ನು ಇಳಿಸಿ, ಟಿಕೆಟ್ಟಿನ ಹಿಂದೆ 162 ಎಂದು ಬರೆದು, ಸುತ್ತ ಒಂದು ಸೊನ್ನೆ ಸುತ್ತಿ, ಹಿಂದಿನ ಸೀಟಿಗೆ ಹೋದ. ನಾನು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಆ ಟಿಕೆಟ್ಟು ಹಿಡಿದು ಅಧ್ಯಯನಕ್ಕೆ ತೊಡಗಿದೆ. ಹಣೆಯಲ್ಲಿ ಕುಂಕುಮ: ದೈವಭಕ್ತ, ಕೊಟ್ಟಾನು. ಕೈಯಲ್ಲಿ ಹೊಸ ವಾಚು: ಯಾರ ಚಿಲ್ಲರೆಯೋ. ಎರಡು ಸಲ ನನ್ನ ಪಕ್ಕದಲ್ಲೇ ನುಸುಳಿದರೂ ನನ್ನತ್ತ ನೋಡಲಿಲ್ಲ: ಮರೆತಂತೆ ನಟನೆ. ಮೂರನೇ ಸಲ ನೋಡಿದ: ನಾನು ಮರೆತಿದ್ದೇನೆಯೇ ಎಂದು ಪರೀಕ್ಷೆ. ‘ಕಂಡಕ್ಟ್ರೇ, ಚಿಲ್ಲರೆ’ ಅಂದೆ. ‘ಎಲ್ಲಾರೂ ನೋಟೇ ಕೊಟ್ರೆ ನಾನೆಲ್ಲಿಗೆ ಹೋಗ್ಲಿ ಸಾರ್’ ಅಂದ. ಚಿಲ್ಲರೆ ಮನುಷ್ಯ ಎಂಬ ಪದದ ವ್ಯುತ್ಪತ್ತಿ ನನಗೆ ಆಗ ಹೊಳೆಯಿತು.

ಹಾಗಾದರೆ ನಾನೇಕೆ ನೋಟು ಕೊಟ್ಟೆ? ಅದು ಬೇರೆ ವಿಷಯ. ಬೆಳಿಗ್ಗೆ ಇದ್ದಬದ್ದ ಚಿಲ್ಲರೆಯೆಲ್ಲ ಹೂವಿನವಳಿಗೆ ಹೋಗಿತ್ತು, ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಅಂದರೆ ನನ್ನಲ್ಲಿ ಚಿಲ್ಲರೆ ಇಲ್ಲದ್ದು ಸಂದರ್ಭ, ಅವನಲ್ಲಿ ಇಲ್ಲದ್ದು ಸ್ವಭಾವ. ಈ ಭೇದವನ್ನು ಕಂಡುಹಿಡಿದ ಕೀರ್ತಿ ನನಗೇ ಸಲ್ಲಬೇಕಿತ್ತು; ಲೀ ರಾಸ್ ಎಂಬಾತ 1977ರಲ್ಲೇ ಅದಕ್ಕೆ ಮೂಲಭೂತ ದೋಷವೆಂದು ಹೆಸರಿಟ್ಟು ಕೂತಿದ್ದಾನೆ. ಅವನಿಗೂ ಹತ್ತು ವರ್ಷ ಮೊದಲು ಜೋನ್ಸ್ ಮತ್ತು ಹ್ಯಾರಿಸ್ ಎಂಬಿಬ್ಬರು ಕ್ಯಾಸ್ಟ್ರೋನನ್ನು ಹೊಗಳಿದ, ತೆಗಳಿದ ಪ್ರಬಂಧಗಳನ್ನು ಜನರಿಗೆ ಓದಿಸಿದ್ದರು. ಹೀಗೇ ಬರೆಯಬೇಕೆಂದು ಬರೆದವನಿಗೆ ಅಪ್ಪಣೆಯಾಗಿತ್ತು ಎಂದು ತಿಳಿಸಿದ ಮೇಲೂ ಓದುಗರು, ‘ಇರಬಹುದು, ಆದರೂ ಅವನ ಮನಸ್ಸಿನಲ್ಲಿ ಸ್ವಲ್ಪ ಹಾಗೇ ಇದೆ’ ಎಂಬ ಕಡೆಗೇ ವಾಲಿದರಂತೆ. ಎಲ್ಲರಿಂದ ನೋಟು ಇಸಕೊಳ್ಳುವುದು ಕಂಡಕ್ಟರಿಗೆ ಆದ ಅಪ್ಪಣೆಯೇ ಎಂದು ನಾನೂ ಬಲ್ಲೆ. ಆದರೂ.

ನನ್ನ ಸ್ಟಾಪಿಗೆ ಮುಂಚೆ ಆತ ತಾನಾಗಿಯೇ ಬಂದು ಟಿಕೆಟ್ಟು ತಿರುಗಿಸಿ ನೋಡಿ, ನೋಟು ನಾಣ್ಯ ಮಡಚಿ ಕೈಗಿಟ್ಟ. ಕೆಳಗಿಳಿದು ಎಣಿಸಿದೆ. ನೂರು, ಐವತ್ತು, ಇಪ್ಪತ್ತು, ಎರಡು. ಹತ್ತರ ಜಾಗದಲ್ಲಿ ಇಪ್ಪತ್ತು ಬಂದಿತ್ತು. ಲೆಕ್ಕದಲ್ಲಿ ದಡ್ಡ ಎಂದು ಷರಾ ಬರೆದುಕೊಂಡೆ.

ಆಕ್ಷೇಪ: ಹೆಚ್ಚು ಬಂದ ಹತ್ತು ರೂಪಾಯಿ ಹಿಂದಿರುಗಿಸಲಿಲ್ಲವೇಕೆ? ಸಮಾಧಾನ: ಬಸ್ಸು ಹೊರಟಿತ್ತು. ಆಕ್ಷೇಪ: ಹೊರಟದ್ದು ನೋಟನ್ನು ಜೇಬಿಗಿಟ್ಟ ಮೇಲಲ್ಲವೇ? ಸಮಾಧಾನ: ಮೊಣಕಾಲು ನೋವು. ಕಿಟಕಿ ಪಕ್ಕ ಕೂತಿದ್ದ ಹೆಂಗಸೊಬ್ಬರು ನನ್ನ ಕೈಯನ್ನೂ ಜೇಬನ್ನೂ ಮತ್ತೆಮತ್ತೆ ನೋಡುತ್ತಿದ್ದರು. ಅವರು ಯಾವ ಪ್ರಮಾಣದಿಂದ ಯಾವ ನಿರ್ಣಯಕ್ಕೆ ಬಂದರೆಂಬುದನ್ನು ಗ್ರಂಥದ ಎರಡನೇ ಭಾಗಕ್ಕೆ ಬಿಟ್ಟಿದ್ದೇನೆ. ಅದನ್ನು ಬರೆಯುವ ಇರಾದೆಯಿಲ್ಲ.