ಮೊದಲು ಯಾರ ಬಾಯಿ?

ಅತ್ತೆ ಇನ್ನೂ ಬಯ್ಯುತ್ತಿದ್ದಾರೆ, ನಾನಿನ್ನೂ ನಗುತ್ತಿದ್ದೇನೆ. ಅಮೆರಿಕದ ಎಡಿಸನ್ನಿನ ನಮ್ಮ ಮನೆಯಲ್ಲಿ ನೆಮ್ಮದಿಯಾಗಿರುವುದು ನಾಯಿ ಬ್ರೂನೋ ಒಂದೇ.

ರಾತ್ರಿ ಊಟವಾದ ಮೇಲೆ ಇವರು ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬ್ರೂನೋನ ತುಟಿ ಎತ್ತುತ್ತಾರೆ. ಕೋಳಿ ರುಚಿಯ ಪೇಸ್ಟು, ಮೆತ್ತನೆ ಬ್ರಷ್ಷು. ಹಲ್ಲೂ ಒಸಡೂ ಸೇರುವಲ್ಲಿ ಓರೆಯಾಗಿ ಉಜ್ಜಬೇಕು. ಕೆನ್ನೆ ಕಡೆಯ ದವಡೆ ಹಲ್ಲಿಗೆ ವಿಶೇಷ ಉಪಚಾರ. ಒಟ್ಟು 42 ಹಲ್ಲು, ನಮಗಿಂತ 10 ಹೆಚ್ಚು. ಹಲ್ಲಿನ ಪಾಚಿ ಎರಡು ಮೂರು ದಿನಕ್ಕೇ ಗಟ್ಟಿಯಾಗತೊಡಗುತ್ತದಂತೆ. ಕಿಟ್ಟ ಕಟ್ಟಿದ ಮೇಲೆ ಬ್ರಷ್ಷಿಗೆ ಬಗ್ಗದು, ಅರಿವಳಿಕೆ ಕೊಟ್ಟು ಕೆರೆಸಬೇಕು. ಅಮೆರಿಕದಲ್ಲಿ ಫೆಬ್ರವರಿ ಎಂದರೆ ಸಾಕುಪ್ರಾಣಿಗಳ ಹಲ್ಲಿನ ಮಾಸಾಚರಣೆ. ನಮ್ಮಲ್ಲಿ ಶ್ರಾವಣ ತಪ್ಪಿದರೂ ಅದು ತಪ್ಪದು.

ಕಾಯ್ಕಿಣಿಯಿಂದ ಬಂದ ಅತ್ತೆಗೆ ಇದನ್ನು ನೋಡಿಯೇ ಉರಿ. ಮಾವಿನ ಎಲೆ ಕೈಗಿತ್ತರೆ ಗದ್ದೆಗೆ ಓಡುತ್ತಿದ್ದ, ನಂಜನಗೂಡು ಹಲ್ಲುಪುಡಿಯನ್ನು ತುಟಿಗೆ ಬಳಿದುಕೊಂಡು ‘ಉಜ್ಜಿದೆ’ ಎನ್ನುತ್ತಿದ್ದ ಮಗ ಇವನೇ! ಅವರು ತಮ್ಮ ಪೇಸ್ಟನ್ನು ನಾಯಿಗೆ ಕೊಡಹೋದಾಗ ಇವರು ಹೌಹಾರಿದರು. ಮನುಷ್ಯರ ಕೆಲವು ಪೇಸ್ಟುಗಳಲ್ಲಿರುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆ ಇಳಿಸಿ ಪ್ರಾಣಕ್ಕೇ ತರುತ್ತದೆ.

ಮೊನ್ನೆ ಬಂಗುಡೆ ಸಾರು ಉಂಡು ಅತ್ತೆ ಹಲ್ಲುಸೆಟ್ಟನ್ನು ಲೋಟದ ನೀರಿಗೆ ಹಾಕಿದರು. ಅಷ್ಟು ಪರಿಮಳ ಸಾಕಾಯಿತು. ಸ್ವಲ್ಪ ಹೊತ್ತಿಗೆ ಬ್ರೂನೋ ಹಾಲ್‌ಗೆ ಬಂತು, ಅತ್ತೆಯ ಮೇಲಿನ ಸಾಲು ಕಚ್ಚಿಕೊಂಡು. ಮುಂಬಲ್ಲು ಅಷ್ಟೂ ಹೊರಗೆ. ಮದುವೆಮನೆ ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳುವಾಗಿನ ಅತ್ತೆಯ ನಗುವೇ! ಸೋಫಾದಲ್ಲಿ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ನಕ್ಕಿತು. ಮಗಳು ಫೋಟೋ ತೆಗೆದಳು. ಅತ್ತೆ ಬಯ್ಯಲು ಬಾಯಿ ತೆರೆದರು. ಬೈಗುಳಕ್ಕೆ ಬೇಕಾದ ಹಲ್ಲು ನಾಯಿಯ ಬಾಯಲ್ಲಿತ್ತು. ಬಂದದ್ದು ಬರೀ ‘ಫೂ... ಫೂ...’ ಹೊಗಳಿಕೆ ಎಂದುಕೊಂಡು ಅದು ಬಾಲ ಅಲ್ಲಾಡಿಸಿತು. ಕೊನೆಗೆ ಕೋಳಿ ಪೇಸ್ಟು ತೋರಿಸಿದ ಮೇಲೆಯೇ ಸೆಟ್ಟು ಕೆಳಗೆ ಬಿತ್ತು.

ಇವರು ಓಡಿಹೋಗಿ ನಾಯಿಯ ತುಟಿ ಎತ್ತಿ ನೋಡಿದರು. “ಸದ್ಯ, ಒಸಡಿಗೆ ಏನೂ ಆಗಿಲ್ಲ!”

ಅತ್ತೆ ಸೆಟ್ಟು ತೊಳೆದು, ಬಿಸಿನೀರಲ್ಲಿ ಮತ್ತೆ ತೊಳೆದು, ಹಾಕಿಕೊಂಡು ಕೇಳಿದರು: “ತಮಾ, ಮೊದ್ಲು ಯಾರ ಬಾಯಿ ನೋಡ್ದೆ ನೀನು?”

ಬೆಳಗಾಗುವುದರೊಳಗೆ ಭಟ್ಕಳದಿಂದ ಹೊನ್ನಾವರದವರೆಗಿನ ನೆಂಟರಿಗೆಲ್ಲ ಫೋಟೋ ಸಮೇತ ಸುದ್ದಿ ಮುಟ್ಟಿತ್ತು. ಕಳಿಸಿದವರು ಸ್ವತಃ ಅತ್ತೆ.

ಆ ಪ್ರಶ್ನೆ ಚುಚ್ಚಿ ಅತ್ತೆಯ ಒಸಡು ನೋಡಿದಾಗ ಇವರ ಬಾಯಿ ಕಟ್ಟಿತು. ಸೆಟ್ಟು ಸಡಿಲಾಗಿ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಡಾಲರ್ ಲೆಕ್ಕ ಹಾಕಿ, ಲವಂಗದೆಣ್ಣೆ ಹಚ್ಚಿಕೊಂಡು ಸುಮ್ಮನಿದ್ದರಂತೆ. ನಾಯಿಯ ಬಾಯಿಗೆ ದಿನಾ ಟಾರ್ಚು ಬಿಡುವ ಮನೆಯಲ್ಲಿ ಅವರ ಬಾಯಿ ಯಾರೂ ನೋಡಿರಲಿಲ್ಲ.

ಈಗ ಟಾರ್ಚು ಮೊದಲು ಅತ್ತೆಗೆ, ಆಮೇಲೆ ಬ್ರೂನೋಗೆ. ಬ್ರೂನೋ ಬಾಯಿ ತೆರೆದೇ ಕಾಯುತ್ತದೆ. ತುಟಿ ಬಿಗಿದು ಕೂರುವವರು ಅತ್ತೆ. “ಬ್ರೂನೋ ನೋಡು ಅಜ್ಜಿ, ಎಷ್ಟು ಗುಡ್ ಬಾಯ್!” ಎಂದಳು ಮೊಮ್ಮಗಳು.

“ಅದಕ್ಕೆ ಕೋಳಿ ರುಚಿ ಉಂಟಲ್ಲೇ. ನಂಗೆ ಬಂಗುಡೆ ರುಚಿದು ತರ್ಸು, ತೆರೀತೆ.”