ಏನೂ ಮಾಡಲ್ಲ ಬರ್ರಿ

ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂದು ಬೋರ್ಡು ಬರೆಸಿ ತೂಗುಹಾಕಿದವರೇ, ನಾವು ಆ ಬೋರ್ಡು ಓದಿ ಆಚೆ ನಿಂತರೆ, ಜಗುಲಿಯಿಂದ ‘ಏನೂ ಮಾಡಲ್ಲ ಬರ್ರಿ’ ಎಂದು ಕೂಗುತ್ತಾರೆ. ಈ ಬಗೆಯ ಯಜಮಾನರು ಎಲ್ಲ ಊರಲ್ಲೂ ಇರುತ್ತಾರೆ. ಗೋವಿನಕೋವಿಯ ಪಾಲಿಗೆ ಬಂದವರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಪಂಚೆ ಮೊಣಕಾಲಿಗೇರಿಸಿ, ವೀಳ್ಯದೆಲೆಗೆ ಸುಣ್ಣ ಸವರುತ್ತ ಕೂತವರು ತಲೆ ಎತ್ತದೆಯೇ ಅಭಯ ಕೊಡುವುದು. ಅಷ್ಟರಲ್ಲಿ ನಾಯಿಯ ಮುಂಗಾಲು ಬಂದವರ ಎದೆ ಮೇಲಿರುತ್ತದೆ. ‘ಮೂಸಿ ನೋಡ್ತತಿ ಅಷ್ಟೇ. ಓಡಬ್ಯಾಡ್ರಿ. ಓಡಿದ್ರೆ ಮಾತ್ರ ನಾನು ಜವಾಬ್ದಾರ ಅಲ್ಲ.’

ಈ ಅಭಯ ನಾಯಿಗಷ್ಟೇ ಸೀಮಿತವಲ್ಲ. ಅವರ ಹೋರಿ ಏನೂ ಮಾಡಲ್ಲ. ಮೀಸೆ ಚಿಗುರುವ ಮೊದಲೇ ಟ್ರ್ಯಾಕ್ಟರ್ ಓಡಿಸುವ ಅವರ ಮಗ ಏನೂ ಮಾಡಲ್ಲ. ಮಳೆಗಾಲದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆಯ ಗೇಟು ಎತ್ತಿದರೆಂದು ಹೊನ್ನಾಳಿಯ ಹೊಳೆದಂಡೆಯವರು ಪಾತ್ರೆ ಪಗಡೆ ಕಟ್ಟಿಕೊಳ್ಳುವಾಗಲೂ ಇವರು ಟಿ.ವಿ. ನೋಡುತ್ತ ‘ಹೊಳೆ ಏನೂ ಮಾಡಲ್ಲ’ ಎನ್ನುತ್ತಾರೆ. ಆದರೆ ನಮ್ಮ ತೆಂಗಿನಮರ ಮಾತ್ರ ಇವತ್ತಲ್ಲ ನಾಳೆ ಅವರ ಕೊಟ್ಟಿಗೆ ಮೇಲೆ ಬಿದ್ದೇ ಬೀಳುತ್ತದಂತೆ. ತಮ್ಮದೆಲ್ಲ ಸಾಧು, ಮಂದಿಯದೆಲ್ಲ ಅನುಮಾನ.

ನಾಯಿಯ ಹೆಸರು ರಾಜ. ಬಾಲ ಊರನಾಯಿಯದೇ, ಒಂದು ಕಿವಿ ಮೇಲೆ ಒಂದು ಕೆಳಗೆ. ಆದರೆ ಮೂತಿ ಉದ್ದ, ತಲೆ ಕಿರಿದು, ಹೊಟ್ಟೆ ಬೆನ್ನಿಗಂಟಿದ್ದು. ಇಷ್ಟು ಸಾಕ್ಷಿಯ ಮೇಲೆ ಯಜಮಾನರು ಅದಕ್ಕೆ ಮುಧೋಳದ ವಂಶಾವಳಿ ಬರೆದುಬಿಟ್ಟಿದ್ದಾರೆ. ‘2005ರಾಗೆ ಸರ್ಕಾರ ಮುಧೋಳ ನಾಯಿದು ಸ್ಟಾಂಪ್ ತಂದೈತಿ. ಸ್ಟಾಂಪಿಗೆ ಬಂದ ರಕ್ತ ರೀ ಇದು!’ ಸ್ಟಾಂಪು ಬಂದದ್ದು ನಿಜ. ಆ ರಕ್ತ ಬಾಗಲಕೋಟೆ ಜಿಲ್ಲೆಯಿಂದ ನಮ್ಮ ಓಣಿಗೆ ಯಾವ ಬಸ್ಸಿನಲ್ಲಿ ಬಂತೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಈ ನೆಮ್ಮದಿಯ ಓಣಿಗೆ ಬೆಂಗಳೂರಿನಿಂದ ನಮ್ಮ ಸೊಸೆ ಬೆಕ್ಕು ತಂದಳು. ಬೆಕ್ಕು ಊರಿಗೆ ಹೊಸದಲ್ಲ. ಬಚ್ಚಲೊಲೆಯ ಬೂದಿಯೊಳಗೆ ತನ್ನ ಕೆಲಸ ಮುಗಿಸಿ, ಮುಚ್ಚಿ, ಅಟ್ಟ ಹತ್ತುವ ಬೆಕ್ಕುಗಳನ್ನು ನಾವೂ ಸಾಕಿದವರೇ. ಇದರ ಜೊತೆ ಬಂದದ್ದು ಪ್ಲಾಸ್ಟಿಕ್ ತಟ್ಟೆ, ಸೌಟು, ಮತ್ತು ಒಂದು ಚೀಲ ಬೆಂಟೊನೈಟ್ ಮಣ್ಣು. ದುಡ್ಡು ಕೊಟ್ಟು ಮಣ್ಣು ತಂದಿದ್ದಾಳೆ ಎಂಬ ಸುದ್ದಿ ಸಂಜೆಯೊಳಗೆ ಹಾಲಿನ ಡೇರಿ ಮುಟ್ಟಿತು. ಯಜಮಾನರು ಚೀಲದಿಂದ ಒಂದು ಹಿಡಿ ತೆಗೆದು, ಅಂಗೈ ಮೇಲೆ ತಿಕ್ಕಿ, ‘ಇದ್ರಾಗೆ ಜ್ವಾಳ ಸೈತ ಬೆಳೆಯಂಗಿಲ್ಲ’ ಎಂದು ತೀರ್ಪು ಕೊಟ್ಟರು. ಅಮೆರಿಕದಲ್ಲೂ ಮೊದಲು ಹಲವರ ಮನೆಯಲ್ಲಿ ಬೂದಿಯೇ ಇತ್ತು, ಬೂದಿಗಾಲಿನ ಹೆಜ್ಜೆಗುರುತು ಒರೆಸಿ ಬೇಸತ್ತ ಹೆಂಗಸೊಬ್ಬಳಿಗೆ 1947ರಲ್ಲಿ ಎಡ್ವರ್ಡ್ ಲೋ ಎಂಬಾತ ನೀರು ಹೀರುವ ಜೇಡಿಯ ಹರಳು ಕೊಟ್ಟು, ಮುಂದೆ ಅದನ್ನೇ ಮಾರಿ ಶ್ರೀಮಂತನಾದ ಎಂದು ಸೊಸೆ ಹೇಳಿದಳು. ಯಜಮಾನರಿಗೆ ಹಿಡಿಸಿದ್ದು ಕೊನೆಯ ಮಾತು. ನಮ್ಮ ಕೆರೆ ಗೋಡು ಎಷ್ಟು ಲೋಡು ಬೇಕಾಗುತ್ತದೆಂದು ವಿಚಾರಿಸಿದರು.

ಮೂರನೆಯ ಹೊತ್ತಿಗೆ ರಾಜನಿಗೆ ಬೆಕ್ಕಿನ ಬಟ್ಟಲು ಪತ್ತೆಯಾಯಿತು. ಬೆಕ್ಕಿನ ಕಾಳು ಕಂಡರೆ ನಾಯಿ ಹುಚ್ಚಾಗುವುದಕ್ಕೆ ಕಾರಣವಿದೆ. ಬೆಕ್ಕು ಅಪ್ಪಟ ಮಾಂಸಾಹಾರಿ, ಅದಕ್ಕೆ ಬೇಕಾದಷ್ಟು ಟಾರಿನ್ ಅದರ ಮೈ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಸಿಗಬೇಕು. ಅದಕ್ಕೇ ಬೆಕ್ಕಿನ ತಿನಿಸಿನಲ್ಲಿ ನಾಯಿಯದಕ್ಕಿಂತ ಪ್ರೋಟೀನು, ಕೊಬ್ಬು ಎರಡೂ ಜಾಸ್ತಿ. ನಾಯಿ ದಿನಾ ತಿಂದರೆ ಮೈ ಬರುತ್ತದೆ, ಹೊಟ್ಟೆ ಕೆಡುತ್ತದೆ. ಬೆಕ್ಕಿಗೆ ನಾಯಿಯ ತಿನಿಸೇ ಗತಿಯಾದರೆ ಕಾಲಕ್ರಮೇಣ ಕಣ್ಣಿಗೂ ಹೃದಯಕ್ಕೂ ಪೆಟ್ಟು. ಯಜಮಾನರ ಪರಿಹಾರ ಮಾತ್ರ ಸರಳ: ‘ನಿಮ್ದು ನಮ್ಮ ರಾಜ ತಿಂತತಿ, ನಮ್ಮ ರಾಜಂದು ನಿಮ್ಮ ಬೆಕ್ಕಿಗೆ ಕೊಡ್ತೀನಿ. ಲೆಕ್ಕ ಚುಕ್ತಾ.’ ಸಂಜೆ ಒಂದು ತಟ್ಟೆ ರಾಗಿಮುದ್ದೆ ಬಂತು. ಬೆಕ್ಕು ಅದನ್ನು ಸುತ್ತುಹಾಕಿ ನೋಡಿ, ಮುಂಗಾಲಿನಿಂದ ನೆಲ ಕೆರೆದು, ಮುಚ್ಚಿಹಾಕಬೇಕಾದ ಪದಾರ್ಥ ಇದು ಎಂದು ಸೂಚಿಸಿತು.

ಬಟ್ಟಲಿನ ಮಾತು ಹಾಗಿರಲಿ, ಮಣ್ಣಿನ ತಟ್ಟೆಯದು ಹೇಳಿಕೊಳ್ಳುವ ವಿಷಯವಲ್ಲ. ಹೇಳುತ್ತೇನೆ. ಒಂದು ಬೆಳಿಗ್ಗೆ ರಾಜ ನಮ್ಮ ಹಿತ್ತಿಲಿಂದ ಹೊರಟು, ಮೀಸೆಗೆ ಅಂಟಿದ ಬೂದುಬಣ್ಣದ ಹರಳುಗಳ ಸಮೇತ ಪಕ್ಕದ ಜಗುಲಿ ಹತ್ತಿದ. ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ರಾಜ ಅವರ ಬೆರಳು ನೆಕ್ಕಿದ, ಆಮೇಲೆ ಮುಂಗೈ, ಆಮೇಲೆ ಎಲೆ. ಅವರು ಅಡಿಕೆ ಹಾಕಿ, ಮಡಿಚಿ, ದವಡೆಗಿಟ್ಟುಕೊಂಡು, ‘ಎಷ್ಟು ಪ್ರೀತಿ ನೋಡ್ರಿ’ ಎಂದರು. ನಾನು ಬಾಯಿ ತೆರೆದೆ, ಸೊಸೆ ಸನ್ನೆ ಮಾಡಿದಳು, ಮುಚ್ಚಿದೆ. ಹುಳದ ಮೊಟ್ಟೆ ದಾಟುತ್ತದೆ, ಗಟ್ಟಿಯಾಗುವ ಮಣ್ಣು ಹೊಟ್ಟೆ ಸೇರಿದರೆ ಕರುಳು ಕಟ್ಟಬಹುದು ಎಂದು ಪಶುವೈದ್ಯರಿಂದಲೇ ಹೇಳಿಸಿದೆವು. ಯಜಮಾನರು ಅವರಿಗೂ ಧೈರ್ಯ ತುಂಬಿದರು. ‘ಹುಳ ಏನೂ ಮಾಡಲ್ಲ ಡಾಕ್ಟ್ರೇ.’

ಕಟ್ಟಿಹಾಕಿ ಎಂದರೆ ಇತಿಹಾಸ ಎತ್ತುತ್ತಾರೆ. ‘ಮಂಡ್ಯ ಕಡೆ ಆತಕೂರಿನಾಗೆ ನಾಯಿಗೆ ಕಲ್ಲು ನಿಲ್ಲಿಸ್ಯಾರ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಏನು ಬೇಕು ಕೇಳು ಅಂದ್ರೆ ವೀರ ಮಣಲೇರ ಕೇಳಿದ್ದು ಕಾಳಿ ಅನ್ನೋ ನಾಯಿನ. ಬೆಕ್ಕಿಗೆ ಒಂದು ಶಾಸನ ತೋರಿಸ್ರಿ ನೋಡೋಣ.’ ಹತ್ತನೇ ಶತಮಾನದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಒಪ್ಪಿದೆ. ಆದರೆ ಕಾಳಿ ಕಾದಾಡಿ ಸತ್ತದ್ದು ಕಾಡುಹಂದಿಯ ಜೊತೆ, ಪ್ಲಾಸ್ಟಿಕ್ ತಟ್ಟೆಯ ಜೊತೆ ಅಲ್ಲ ಎಂದೆ. ‘ಕಾಲಕ್ಕೆ ತಕ್ಕ ಶತ್ರು’ ಎಂದರು. ಕಾಂಪೌಂಡಿನ ಮಾತೆತ್ತಿದರೆ ಅದಕ್ಕೂ ಉತ್ತರ ಸಿದ್ಧ. ‘1997ರಾಗೆ ನಮ್ಮನ್ನ ಶಿವಮೊಗ್ಗದಿಂದ ಕಿತ್ತು ದಾವಣಗೆರೆ ಜಿಲ್ಲೆಗೆ ಹಾಕಿದ್ರು. ಆಮ್ಯಾಲೆ ಹೊನ್ನಾಳಿಯಿಂದ ನ್ಯಾಮತಿ ತಾಲ್ಲೂಕಿಗೆ. ನಮ್ಮನ್ನ ಕೇಳಿದ್ರೇನು? ಸರ್ಕಾರಕ್ಕೇ ಗಡಿ ನಿಲ್ಲಲ್ಲ, ನಾಯಿಗೆ ನಿಲ್ತತೇನು?’

ಇನ್ನು ಉಳಿದದ್ದು ನಮ್ಮ ಕಡೆಯ ಬಂದೋಬಸ್ತು. ಬಟ್ಟಲು ನಾಗಂದಿಗೆಗೆ ಏರಿತು, ಅದೂ ಹೊತ್ತಿಗೆ ಸರಿಯಾಗಿ ಇಟ್ಟು, ತಿಂದಾದ ಮೇಲೆ ತೆಗೆಯುವುದು. ಬೆಕ್ಕು ಹಾರುತ್ತದೆ, ನಾಯಿ ಕೆಳಗೆ ನಿಂತು ಭಜನೆ ಮಾಡುತ್ತದೆ. ಆದರೆ ತಟ್ಟೆಯನ್ನು ಮೇಲಿಡುವಂತಿಲ್ಲ, ಉಣ್ಣುವಲ್ಲಿ ಬೆಕ್ಕು ಹೇಲುವುದಿಲ್ಲ. ಆ ಶಿಸ್ತು ಅದಕ್ಕಿದೆ. ಹಾಗಾಗಿ ಹಿಂದಿನ ಉಗ್ರಾಣದಲ್ಲಿ ತಟ್ಟೆ ಇಟ್ಟು, ಬಾಗಿಲಿಗೆ ಒಳಗಿನಿಂದ ಸರಪಳಿ ಹಾಕಿ, ಬೆಕ್ಕು ನುಸುಳುವಷ್ಟೇ ಸಂದು ಬಿಟ್ಟೆವು. ನಾಯಿ ಸಾಕಿದ ಊರಲ್ಲೆಲ್ಲ ನಡೆಯುವ ಉಪಾಯ. ಸಾಮಾನ್ಯ ನಾಯಿಯಾಗಿದ್ದರೆ ಇಲ್ಲೂ ನಡೆಯುತ್ತಿತ್ತು.

ರಾಜನ ಕಿರಿದಾದ ತಲೆ ಸಂದಿಯೊಳಗೆ ಸಲೀಸಾಗಿ ಹೋಯಿತು, ಹೆಗಲೂ ಹೋಯಿತು. ನಡು ಮಾತ್ರ ಹಿಡಿಯಿತು. ಇಷ್ಟು ದಿನ ಬೆಕ್ಕಿನ ಕಾಳು ತಿಂದು ಬಂದ ಮೈ! ಅರ್ಧ ಉಗ್ರಾಣದಲ್ಲಿ, ಅರ್ಧ ಹಿತ್ತಿಲಲ್ಲಿ ನಿಂತು ಅದು ಊಳಿಟ್ಟ ದನಿಗೆ ಓಣಿಯೇ ಸೇರಿತು. ಬೆಕ್ಕು ಒಳಗೆ ಅಕ್ಕಿಮೂಟೆಯ ಮೇಲೆ ಕೂತು ಪಾದ ನೆಕ್ಕಿಕೊಳ್ಳುತ್ತಿತ್ತು. ಯಜಮಾನರು ಓಡಿಬಂದವರು ಮೊದಲು ನಾಯಿಯ ಮುಂಭಾಗವನ್ನು ಕಿಟಕಿಯಿಂದ ನೋಡಿ, ‘ನೋಡಿದ್ರೇನು, ಮುಧೋಳದ ತಲಿ ಅಂದ್ರೆ ಇದು!’ ಎಂದು ಜನರಿಗೆ ತೋರಿಸಿದರು. ಆಮೇಲೆ ಹಿಂಭಾಗಕ್ಕೆ ಬಂದು ಗಾಬರಿಯಾದರು. ಕೊಬ್ಬರಿ ಎಣ್ಣೆ ಸುರಿದು, ಸರಪಳಿ ಮುರಿದು, ಬಿಡಿಸಿದ್ದಾಯಿತು. ರಾಜ ಮೈ ಕೊಡವಿ ನೇರ ಒಳಗೇ ನುಗ್ಗಿದ.

ಯಜಮಾನರು ಬಾಗಿಲನ್ನು ಮೇಲಿಂದ ಕೆಳಗೆ ದಿಟ್ಟಿಸಿ, ‘ಭಾಳ ಡೇಂಜರ್ ಐತ್ರಿ ನಿಮ್ಮ ಬಾಗ್ಲು’ ಎಂದರು. ಮರುದಿನ ಬಡಗಿಯನ್ನು ಕರೆದುಕೊಂಡೇ ಬಂದರು. ‘ಎರಡೇ ಇಂಚು ಹೆರೆಸಿಬಿಡ್ರಿ. ಕೂಲಿ ನಂದು.’