ಅಜ್ಜಿಯೊಂದಿಗೆ ಪೈಪೋಟಿ

ಮಧುಗಿರಿಯಲ್ಲಿ ಮನೆಯಲ್ಲೇ ಡೇ ಕೇರ್ ತೆರೆಯುವವರಿಗೆ ನಿಜವಾದ ಪ್ರತಿಸ್ಪರ್ಧಿ ಪಕ್ಕದ ಬೀದಿಯ ಪ್ಲೇ ಹೋಮ್ ಅಲ್ಲ, ಮಗುವಿನ ಅಜ್ಜಿ. ಫೀಸಿಲ್ಲ, ರಜೆಯಿಲ್ಲ, ರಾಗಿ ಸರಿ ಬೇರೆ ಕಾಯಿಸಿ ತಿನ್ನಿಸುತ್ತಾಳೆ. ಆಮೇಲೆ ಅಂಗನವಾಡಿ. 1975ರಲ್ಲಿ ತಿ. ನರಸೀಪುರದ ಮೂಲಕ ರಾಜ್ಯಕ್ಕೆ ಕಾಲಿಟ್ಟ ಯೋಜನೆ, ಈಗ ಮೊಟ್ಟೆಯನ್ನೂ ಕೊಡುತ್ತದೆ. ಸಾಲದ್ದಕ್ಕೆ ಕೂಲಿಕಾರರ ಮಕ್ಕಳಿಗೆ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ.

ಡೇ ಕೇರ್ ತೆರೆಯುವವರೋ ಬ್ಯಾನರಿನಲ್ಲಿ 'ಎಸಿ, ಸಿಸಿಟಿವಿ, ಇಂಗ್ಲಿಷ್ ರೈಮ್ಸ್' ಎಂದು ಬರೆಸುತ್ತಾರೆ. ಶಿರಾಕ್ಕೋ ಪಾವಗಡಕ್ಕೋ ಕೆಲಸಕ್ಕೆ ಓಡಾಡುವ ತಾಯಿ ಅದನ್ನೆಲ್ಲ ಓದಿ ಕೇಳುವುದು ಒಂದೇ: "ಬಸ್ಸು ಲೇಟಾದ್ರೆ ಏಳು ಗಂಟೆ ತನಕ ಇಟ್ಕಂತೀರಾ ಅಕ್ಕ? ಬಿಸಿ ಮುದ್ದೆ ಹಾಕ್ತೀರಾ?"

"ಹ್ಞೂಂ ಕಣಮ್ಮ" ಅನ್ನುವವರಿಗೆ ಬ್ಯಾನರೇ ಬೇಡ. ಹೊಸದಾಗಿ ತೆರೆಯುವವರೇ, ಮೊದಲು ಬೀದಿಯ ಅಜ್ಜಿಯೊಬ್ಬರನ್ನು ಸಂಬಳಕ್ಕೆ ಗೊತ್ತುಮಾಡಿಕೊಳ್ಳಿ. ಎಸಿ ಆಮೇಲೆ ಹಾಕಿಸಿ.